ಕ್ಯಾಸೆಟ್ಟಿನ ಮೇಲಿನ ಮುಖಗಳು

ಬೀದರಿನ ನಮ್ಮ ಚರ್ಚಿನಲ್ಲಿ ಗಿಟಾರ್ ಇದ್ದದ್ದು ಒಬ್ಬರ ಬಳಿ ಮಾತ್ರ. ಅದಕ್ಕೇ ಅವರು ನಾಯಕರಾದರು. ಬೇರೆ ಕಾರಣ ನನಗೆ ಇಂದಿಗೂ ತಿಳಿದಿಲ್ಲ. ರೈಲ್ವೆ ನೌಕರಿಯಲ್ಲಿ ಹೈದರಾಬಾದಿನಲ್ಲಿ ಕೆಲವು ಕಾಲ ಇದ್ದು ಬಂದವರು, ಬಿಳಿ ಬೂಟು ಹಾಕುತ್ತಿದ್ದರು, ಹಳೆಯ ಕೀರ್ತನೆಗಳನ್ನು ಮುದುಕರ ಹಾಡು ಎನ್ನುತ್ತಿದ್ದರು. ಈ ಕಾಲದ ಭಕ್ತಿಗೆ ಈ ಕಾಲದ ಹಾಡು ಬೇಕು, ನಾಲ್ಕು ದನಿ ನಾಲ್ಕು ಸ್ವರದಲ್ಲಿ ಕೂಡಿ ಹಾಡಬೇಕು ಎಂದು ತಂಡ ಕಟ್ಟಿದರು. ಮೇಲಿನ ದನಿಗೆ ಭಾಲ್ಕಿಯ ಒಬ್ಬ ಟೀಚರಮ್ಮ, ಅದರ ಕೆಳಗೆ ನಾನು, ಮೂರನೆಯದು ಸ್ವತಃ ಅವರೇ. ಎಲ್ಲಕ್ಕಿಂತ ಕೆಳಗಿನ ದನಿ ಔರಾದ ತಾಲ್ಲೂಕಿನ ಎಕಂಬಾ ಊರಿನವನೊಬ್ಬನದು. ಅವನು ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಹೊರುತ್ತಿದ್ದ. ಅವನು ಬಾಯಿ ತೆರೆದರೆ ನಾವು ಕೂತ ಬೆಂಚು ನಡುಗುತ್ತಿತ್ತು. ನಾಯಕರ ದನಿ ಮೂಗಿನಿಂದ ಬರುತ್ತಿತ್ತು. ಅದಕ್ಕೆ ಅವರು ಸ್ಟೈಲ್ ಎಂದು ಹೆಸರಿಟ್ಟಿದ್ದರು.

ನಾಲ್ವರೂ ಹೈದರಾಬಾದಿಗೆ ಹೋಗಿ ಒಂದು ಕ್ಯಾಸೆಟ್ಟಿಗೆ ಹಾಡಿ ಬಂದೆವು. ಅದು ಅಂಗಡಿಗೆ ಬರುವ ಮೊದಲೇ ಮಳೆ ಎರಡನೆಯ ವರ್ಷವೂ ಕೈಕೊಟ್ಟಿತು. ಮಾರುಕಟ್ಟೆಗೆ ತೊಗರಿ ಬರುವುದು ನಿಂತಿತು. ಹೊರಲು ಚೀಲವಿಲ್ಲದೆ ಕೆಳದನಿಯವನು ಹೆಂಡತಿಯನ್ನು ಕರೆದುಕೊಂಡು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟ. ನಾಯಕರ ಮನೆಗೆ ಹೋಗಿ ಹೇಳಿಯೇ ಹೊರಟ. ಆದರೂ ಮುಂದಿನ ಭಾನುವಾರ ಅವರು ಮೈಕ್ ಹಿಡಿದು, "ನಮ್ಮ ಒಬ್ಬ ಬ್ರದರ್ ಲೋಕದ ಆಸಿಗೆ ಬಿದ್ದು ಸೇವಾ ಬಿಟ್ಟು ಹೋಗ್ಯಾನ. ಅವನ ಸಲುವಾಗಿ ಪ್ರಾರ್ಥನಾ ಮಾಡ್ರಿ" ಎಂದು ಕಣ್ಣು ಮುಚ್ಚಿದರು. ಸರ್ಕಾರಿ ಸಂಬಳದವರಿಗೆ ರೊಟ್ಟಿಯೂ ಲೋಕದ ಆಸೆಯಂತೆ ಕಾಣುತ್ತದೆ.

ಮುಂದೆ ಬಂದ ಬೇಸಿಗೆಯಲ್ಲಿ ಔರಾದದಲ್ಲಿ ಮಳೆಗಾಗಿ ಪ್ರಾರ್ಥನಾ ಕೂಟವಿತ್ತು. ಹಾಸಿದ ಜಮಖಾನೆಯ ಅರ್ಧ ಖಾಲಿ. ಊರಿನ ಅರ್ಧ ಜನ ಗುಳೆ ಹೋಗಿದ್ದರು. ನಾಯಕರು ಬಾರದವರ ಅಪನಂಬಿಕೆಯನ್ನು ಬಹಳ ಹೊತ್ತು ಬೈದರು. ಮುಂದೆ ಕೂತಿದ್ದ ಮುದುಕಿ ತಾಳ್ಮೆಯಿಂದ ಕೇಳಿ, ಕೊನೆಗೆ ಹೇಳಿದಳು: "ಇಲ್ಲದವರಿಗೆ ಬೈದರ ಅವರಿಗೆ ಹ್ಯಾಂಗ ಕೇಳಸ್ತದರಿ? ನಮಗ ಒಂದು ಹಾಡರೆ ಹಾಡ್ರಿ."

ಆ ವರ್ಷದ ಮಳೆಗಾಲವೂ ಒಣಗಿಯೇ ಹೋಯಿತು. ಭಾಲ್ಕಿಯ ಟೀಚರಮ್ಮನ ಗಂಡನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿ ಆಕೆಯೂ ಹೋದರು. ಆಕೆಯ ಸಲುವಾಗಿಯೂ ಮೈಕಿನಲ್ಲಿ ಒಂದು ಪ್ರಾರ್ಥನೆ ಆಯಿತು. ಆ ಜಾಗಕ್ಕೆ ನಾಯಕರ ಹೆಂಡತಿ ಬಂದರು, ಕೆಳದನಿಗೆ ಹೆಂಡತಿಯ ತಮ್ಮ ಬಂದ. ಅವನಿಗೆ ಕೆಳದನಿ ಇರಲಿಲ್ಲ, ಒಳ್ಳೆಯ ಕೂದಲಿತ್ತು. ಕ್ಯಾಸೆಟ್ ಅಂಗಡಿಗೆ ಬಂದಾಗ ಅದರ ಮೇಲಿನ ಫೋಟೋದಲ್ಲಿ ಆ ಕೂದಲೇ ಎದ್ದು ಕಾಣುತ್ತಿತ್ತು. ಒಳಗೆ ಮಾತ್ರ ನಮ್ಮ ಹಳೆಯ ನಾಲ್ವರ ದನಿ.

"ದನಿ ಅವಂದು, ಫೋಟೋ ಇವಂದು. ಇದು ಹ್ಯಾಂಗರಿ?" ಎಂದು ನಾಯಕರನ್ನು ಕೇಳಿದೆ.

"ದನಿ ದೇವರದು ಸಿಸ್ಟರ್. ನಾವು ಬರೀ ಕೊಳಲು."

"ಹಂಗಾದರ ಕೊಳಲಿನ ಫೋಟೋ ಯಾಕ ಹಾಕ್ಸೀರಿ?"

ಅವರು ನನ್ನ ಅಹಂಕಾರಕ್ಕಾಗಿ ಪ್ರಾರ್ಥಿಸುವುದಾಗಿ ಹೇಳಿದರು. ನಾನು ಆಗಲೇ ಬಿಡಬೇಕಿತ್ತು ಎನ್ನುವವರಿದ್ದಾರೆ. ಆದರೆ ನಾಲ್ಕು ದನಿ ಕೂಡುವ ಸುಖ ನಮ್ಮ ಕಡೆ ಬೇರೆಲ್ಲೂ ಸಿಗುತ್ತಿರಲಿಲ್ಲ, ಕೆಟ್ಟದಾಗಿಯಾದರೂ.

ಕ್ರಿಸ್‌ಮಸ್ಸಿಗೆ ಭಾಲ್ಕಿಯಲ್ಲಿ ಕಾರ್ಯಕ್ರಮ. ಭಾಮೈದನಿಗೆ ಹಾಡು ಬರುವುದಿಲ್ಲ ಎಂದು ನಾಯಕರಿಗೂ ಗೊತ್ತಿತ್ತು. ಹಾಗಾಗಿ ಪರದೆಯ ಹಿಂದೆ ಕ್ಯಾಸೆಟ್ ಹಾಕಿ, ನಾವು ಬರೀ ಬಾಯಿ ಆಡಿಸಬೇಕು ಎಂದು ವೇದಿಕೆ ಹತ್ತುವಾಗ ಹೇಳಿದರು. ಹಬ್ಬಕ್ಕೆಂದು ಹೈದರಾಬಾದಿನಿಂದ ಬಂದಿದ್ದ ಹಳೆಯ ಕೆಳದನಿಯವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎದುರಿಗೇ ಕೂತಿದ್ದ. ತನ್ನ ದನಿ ಬೇರೆಯವನ ಬಾಯಿಂದ ಬರುವುದನ್ನು ಅವನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಕುತೂಹಲವಿತ್ತು.

ಎರಡನೆಯ ಹಾಡಿಗೆ ಕರೆಂಟ್ ಹೋಯಿತು. ಬರದ ವರ್ಷಗಳಲ್ಲಿ ಅದು ದಿನವೂ ಹೋಗುತ್ತಿತ್ತು. ಬಿಳಿ ಬೂಟಿನವರು ಮಾತ್ರ ಅದನ್ನು ಯೋಚಿಸಿರಲಿಲ್ಲ. ಸಂಜೆಯ ಬೆಳಕು ಇನ್ನೂ ಇತ್ತು. ಭಾಮೈದನ ಬಾಯಿ ಒಂದು ಸಾಲಿನಷ್ಟು ಹೊತ್ತು ಹಾಗೇ ಆಡಿತು. "ಹಾಡ್ರಿ, ಹಾಡ್ರಿ" ಎಂದು ನಾಯಕರು ಹಲ್ಲು ಕಚ್ಚಿ ಪಿಸುಗುಟ್ಟಿದರು. ತಾವು ಮಾತ್ರ ಗಿಟಾರಿನ ಮೇಲೆ ಬಗ್ಗಿದರು, ಅವರ ಹೆಂಡತಿ ಪರದೆಯ ಕಡೆ ತಿರುಗಿದರು. ನಾನೊಬ್ಬಳೇ ಹಾಡಿದೆ. ಆದರೆ ಹಾಡಿನ ರಾಗ ಇರುವುದು ಮೇಲಿನ ದನಿಯಲ್ಲಿ; ಎರಡನೆಯದನ್ನು ಒಂಟಿಯಾಗಿ ಹಾಡಿದರೆ ಅದು ಹಾಡಿನಂತೆಯೇ ಕೇಳುವುದಿಲ್ಲ. ಜನ ನನಗೇ ಹಾಡು ಬರುವುದಿಲ್ಲ ಎಂದುಕೊಂಡು ನಕ್ಕರು.

ವೇದಿಕೆಯಿಂದ ಇಳಿದಾಗ ಹಳೆಯ ಕೆಳದನಿಯವನು ಹತ್ತಿರ ಬಂದ. "ನನ್ನ ದನಿ ಕರೆಂಟಿನ ಮ್ಯಾಲ ನಡೀತದ ಅಂತ ನನಗ ಗೊತ್ತೇ ಇದ್ದಿಲ್ಲ ನೋಡ್ರಿ ಅಕ್ಕೋರೆ" ಎಂದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅಂದಿನಿಂದ ನಾನು ತಂಡಕ್ಕೆ ಹೋಗಲಿಲ್ಲ.

ನಾಯಕರು ವರ್ಷದೊಳಗೆ ವರ್ಗ ಮಾಡಿಸಿಕೊಂಡು ಹೈದರಾಬಾದಿಗೆ ಹೋದರು. ಅದು ದೊಡ್ಡ ಸೇವೆಗೆ ಬಂದ ಕರೆಯಂತೆ. ಅವರಿಗಾಗಿ ಯಾರೂ ಕಣ್ಣು ಮುಚ್ಚಲಿಲ್ಲ.

ತಂಡ ಈಗಲೂ ಹೈದರಾಬಾದಿನಲ್ಲಿ ಅದೇ ಹೆಸರಿನಿಂದ ನಡೆದಿದೆ, ಜನ ಎಷ್ಟು ಸಲ ಬದಲಾದರೋ. ಈಚೆಗೆ ಬೀದರಿಗೆ ಬಂದಿತ್ತು. ಟೈ ಕಟ್ಟಿದವನೊಬ್ಬ ತಂಡದ ಚರಿತ್ರೆ ಹೇಳಿದ: ಒಬ್ಬ ದೇವಸೇವಕ, ಒಂಟಿಯಾಗಿ, ಬರಗಾಲದಲ್ಲಿ ಕಟ್ಟಿದ್ದಂತೆ. ಅಷ್ಟರಲ್ಲಿ ಸ್ವಯಂಸೇವಕಿಯೊಬ್ಬಳು ಮೊದಲ ಸಾಲಿನಲ್ಲಿ ಕೂತಿದ್ದ ನನ್ನ ಬಳಿ ಬಂದು, "ಅಮ್ಮಾ, ಈ ಸಾಲು ತಂಡದವರ ಮನಿ ಮಂದಿಗೆ ಅದರಿ. ಹಿಂದ ಕೂಡ್ರಿ" ಎಂದಳು. ಹಿಂದೆ ಹೋದೆ. ಅಲ್ಲಿಂದ ಊಟದ ಪೆಂಡಾಲು ಹತ್ತಿರ. ಮಸಾಲೆಯ ಒಗ್ಗರಣೆ ಹಾಕಿದ ಬಗಾರಾ ಅನ್ನ ಹಾಡಿಗಿಂತ ಚೆನ್ನಾಗಿತ್ತು.