ತಮ್ಮನ ಬಸುರಿ ಹಾವು

ತಮ್ಮ ತೀರಿಕೊಂಡ ಮೇಲೆ ಅವನ ಸಾಕುಹಾವು ನನ್ನ ಪಾಲಿಗೆ ಬಂತು. ಅದು ಬಸುರಿ. ಮರಿಗಳನ್ನು ನೋಡಲು ಅವನು ಕಾದಿದ್ದ. ಆ ಮರಿಗಳನ್ನು ಉಳಿಸಿಕೊಳ್ಳುವುದೊಂದೇ ನನಗಿದ್ದ ಚಿಂತೆ. ಗಾಜಿನ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪಾಗಿರಬೇಕೆಂದು ತಮ್ಮ ಬರೆದಿಟ್ಟಿದ್ದ. ನಾವು ರೇಷ್ಮೆಹುಳು ಸಾಕುವ ಮನೆಯಿಂದ ಥರ್ಮಾಮೀಟರ್ ತಂದು ಒಳಗೆ ತೂಗುಹಾಕಿದೆ.

ಒಂದು ಮಧ್ಯಾಹ್ನ ನೋಡಿದರೆ ಹಾವು ನೀರಿನ ಬೋಗುಣಿಯಲ್ಲಿ ಮುದುಡಿ ಕೂತಿತ್ತು. ಅದಕ್ಕೆ ಸದಾ ಶಾಪ ಹಾಕುತ್ತಿದ್ದ ಅಮ್ಮ ತಂಪು ತುದಿಗೂ ಬಲ್ಬು ಹಚ್ಚಿ, ಪೆಟ್ಟಿಗೆಗೆ ಕಂಬಳಿ ಹೊದಿಸಿದ್ದಳು.

“ಅಮ್ಮಾ, ಇದು ಬಾಣಂತಿ ಅಲ್ಲ, ಬಸುರಿ. ಸೆಕೆಗೆ ಬೇಯ್ತಾ ಐತೆ.”

“ನೀನು ಹೊಟ್ಟೇಲಿದ್ದಾಗ ನಂಗೂ ಸೆಕೆನೇ ಕಣೇ. ಯಾರು ಕೇಳಿದ್ರು?”

ಗೊಣಗುತ್ತಲೇ ಕಂಬಳಿ ತೆಗೆದು ಬಲ್ಬು ಆರಿಸಿದಳು. ಸಂಜೆಗೆ ಹಾವು ತಂಪು ತುದಿಗೆ ಹರಿದಿತ್ತು. ಅಮ್ಮ ಪಕ್ಕದಲ್ಲೇ ಕೂತು ಮೊರದಿಂದ ಗಾಳಿ ಬೀಸುತ್ತಿದ್ದಳು. ನನ್ನನ್ನು ಕಂಡೊಡನೆ ಆ ಖಾಲಿ ಮೊರವನ್ನೇ ಕೇರತೊಡಗಿದಳು.