ಝುಬೈದಾಳ ಸ್ವರಕ್ಕೆ ರಜೆ ಇಲ್ಲ

ಕಳೆದ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಸ್ಟುಡಿಯೋದಲ್ಲಿ ಹಾಜರಿದ್ದವರು ಮೂವರು: ನಿರೂಪಕಿ ಝುಬೈದಾ, ಪ್ರೋಗ್ರಾಂ ಹೆಡ್ ನಿತಿನ್ ಮತ್ತು ನಾನು. (ಶಾಲೆಯಿಂದ ನಿವೃತ್ತನಾದ ಮೇಲೆ ಈ ಸಣ್ಣ ಊರ ರೇಡಿಯೋದ ಕನ್ನಡ ವಿಭಾಗ ನೋಡಿಕೊಳ್ಳುತ್ತಿದ್ದೇನೆಂದು ನಿಮಗೆ ಗೊತ್ತೇ ಇದೆ. ಹಾಜರಿ ಕರೆಯುವ ಚಾಳಿ ಮಾತ್ರ ಬಿಟ್ಟಿಲ್ಲ.)

ಝುಬೈದಾ ಸೋಮವಾರದಿಂದ ರೆಕಾರ್ಡಿಂಗಿಗೆಂದು ಓದುತ್ತಲೇ ಇದ್ದಳು. ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳು. ಅಂಕಿಗಳು. ಊರಿನ ಹೆಸರುಗಳು: ವರ್ಕಾಡಿ, ಪೈವಳಿಕೆ, ಮಂಗಲ್ಪಾಡಿ. ನನ್ನ ಕೆಲಸ ಉಚ್ಚಾರ ತಿದ್ದುವುದು. ತಿದ್ದಿದೆ. ಆಕೆ ಬೇಸರಿಸದೆ ಮತ್ತೆ ಓದಿದಳು.

"ಹೊಸ ಫಾರ್ಮ್ಯಾಟಿನಲ್ಲಿ ರಾತ್ರಿಯೂ ನನ್ನದೇ ಸ್ವರ ಅಂತೆ ಮಾಸ್ಟ್ರೇ. ದುಬೈಯ ಅಣ್ಣನಿಗೆ ಫೋನ್ ಮಾಡಿ ಹೇಳಿಯೂ ಆಯ್ತು."

"ರಾತ್ರಿ ಮನೆಗೆ ಹೋಗುವುದು ಹೇಗೆ?"

"ಅದಕ್ಕೆ ನಿತಿನ್ ಸಾರ್ ಎಂತಾದ್ರೂ ಮಾಡ್ತಾರೆ."

ನಿತಿನ್ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

ಫಾರ್ಮ್ಯಾಟ್ ಬದಲಾಗುವುದು ನಮಗೇನೂ ಹೊಸತಲ್ಲ. ಮೊದಲು ಕೃಷಿ ಸಂವಾದ ಹೋಯಿತು. ಆಮೇಲೆ ಮಕ್ಕಳ ಕಥೆ. ಭಾಷಣ ಐದು ನಿಮಿಷಕ್ಕಿಳಿಯಿತು, ಮತ್ತೆ ಅದೂ ಇಲ್ಲ. ಪ್ರತಿ ಸಲವೂ ಒಂದೇ ಮಾತು: ಕೇಳುಗರಿಗೆ ಇದೇ ಬೇಕು. ಯಾವ ಕೇಳುಗರು? ಅವರನ್ನು ವಿಚಾರಿಸಿದವರು ಯಾರು?

ಉಳಿದದ್ದು ಝುಬೈದಾಳ ಬೆಳಗಿನ ಫೋನ್-ಇನ್ ಒಂದೇ. ಕರೆ ಮಾಡುವವರು ಹೆಚ್ಚಾಗಿ ಬೀಡಿ ಕಟ್ಟುವ ಹೆಂಗಸರು. ಕೈಗೆ ಬಿಡುವಿಲ್ಲ, ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟು ಮಾತಾಡುತ್ತಾರೆ. ತುಳುವಿಗೆ ತುಳು, ಬ್ಯಾರಿಗೆ ಬ್ಯಾರಿ, ಅವರವರ ಭಾಷೆಯಲ್ಲೇ ಝುಬೈದಾಳ ಉತ್ತರ. ಕಳೆದ ಮಳೆಗಾಲದಲ್ಲಿ ವರ್ಕಾಡಿಯ ಅಜ್ಜಿಯೊಬ್ಬರು ಹಾಡು ಕೇಳಲು ಕರೆ ಮಾಡಿದ್ದರು. ಅವರ ಏದುಸಿರು ಝುಬೈದಾಳ ಕಿವಿಗೆ ಬಿತ್ತು. "ಹಾಡು ಮತ್ತೆ. ಮೊದಲು ಸೊಸೆಗೆ ಫೋನ್ ಕೊಡಿ," ಎಂದು ಗದರಿದಳು. ಸೊಸೆ ಜೀಪು ಕರೆಸಿ ಆಸ್ಪತ್ರೆಗೆ ಒಯ್ದಳು. ಅಜ್ಜಿ ಬದುಕಿಕೊಂಡರು.

ಕೊನೆಯ ಹಾಳೆ ಓದಿ ಮುಗಿಯಿತು. ನಿತಿನ್ ಹೆಡ್‌ಫೋನ್ ತೆಗೆದ.

"ಝುಬೈದಕ್ಕ, ಒಂದು ವಿಷಯ ಹೇಳ್ಲಿಕ್ಕುಂಟು. ಇದೆಲ್ಲ ಮೆಷಿನಿಗೆ ಹಾಕ್ಲಿಕ್ಕೆ. ಇನ್ನು ನಿಮ್ಮ ಸ್ವರದಲ್ಲಿ ಅದೇ ಮಾತಾಡ್ತದೆ. ಒಂದನೇ ತಾರೀಕಿನಿಂದ ನೀವು... ಬರ್ಬೇಕೂಂತ ಇಲ್ಲ."

"ಫೋನ್-ಇನ್?"

"ಅದೂ ಇಲ್ಲ. ಬರೀ ಹಾಡು, ಮಧ್ಯದಲ್ಲಿ ಎರಡು ಮಾತು."

"ಅಂದ್ರೆ ನಾನು ಮನೇಲಿ ಕೂತು ನನ್ನದೇ ಮಾತು ಕೇಳುದಾ?" ಆಕೆ ನನ್ನ ಕಡೆ ತಿರುಗಿದಳು. "ಮಾಸ್ಟ್ರಿಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಮಾಡಬಹುದಿತ್ತು? ಅಲ್ಲೇ ಆಡಳಿತ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ. "ಕಾಲಕ್ಕೆ ತಕ್ಕ ಹಾಗೆ ಹೋಗ್ಬೇಕಲ್ಲ ಮಾಸ್ಟ್ರೇ? ಮೆಷಿನಿಗೆ ಜ್ವರ ಇಲ್ಲ, ರಜೆ ಇಲ್ಲ," ಎಂದರು. ನಾನು ಇನ್ನೊಂದು ಮಾತು ಜೋಡಿಸುವುದರೊಳಗೆ ಫೋನ್ ಇಟ್ಟಾಗಿತ್ತು. (ನಮ್ಮ ತಲೆಮಾರು ವಾದಕ್ಕೆ ತಯಾರಾಗಿ ಹೋಗುತ್ತದೆ. ಈಗ ವಾದಿಸುವುದಕ್ಕೆ ಎದುರಿಗೆ ಯಾರೂ ಇರುವುದಿಲ್ಲ.)

ಝುಬೈದಾ ಬ್ಯಾಗ್ ಹೆಗಲಿಗೇರಿಸಿದಳು.

"ಒಂದು ನಿಮಿಷ," ಎಂದ ನಿತಿನ್. ಅವನ ಮುಖವೂ ಬಾಡಿತ್ತು. ಆಜ್ಞೆ ಅವನದಲ್ಲವಲ್ಲ. "ಇನ್ನೊಂದು ಬಾಕಿ ಉಂಟು ಝುಬೈದಕ್ಕ. ನಗು. ಒಮ್ಮೆ ನಗ್ಬೇಕು."

"ಈಗವಾ?"

"ಇವತ್ತು ಸಂಜೆಯೇ ಕಳಿಸ್ಬೇಕಂತೆ."

"ನಿಮಗೆ ತಲೆ ಸರಿ ಉಂಟಾ ಮಾರಾಯ್ರೇ?"

ಆದರೂ ಬ್ಯಾಗ್ ಕೆಳಗಿಟ್ಟಳು. ಶಾಲು ಸರಿಮಾಡಿಕೊಂಡು ಮೈಕಿನ ಮುಂದೆ ಕುಳಿತಳು. ಕೆಂಪು ದೀಪ ಹತ್ತಿತು. ನಕ್ಕಳು. ಇಡೀ ತಾಲೂಕಿಗೆ ಪರಿಚಯವಿರುವ ಅದೇ ನಗು, ಒಂದು ಚೂರೂ ಕಡಿಮೆ ಇಲ್ಲದೆ.

ಒಂದೇ ಟೇಕಿಗೆ ಓಕೆ ಆಯಿತು. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.