ಹುಳು ಮನೆಗೆ ಹೋದ ಬ್ಲೀಚಿಂಗ್ ಪೌಡರ್

ಇದನ್ನು ಬರೆಯಬೇಕೆಂದು ಎಷ್ಟೋ ವಾರ ಪೆನ್ನು ಹಿಡಿದಿದ್ದೇನೆ. ಈ ಅಂಕಣದಲ್ಲಿ ಬರೆದದ್ದು ಮಾತ್ರ ಬಸ್ಸಿನ ರಶ್ಶು, ಮದುವೆ ಮನೆ ಊಟ, ಮೊಬೈಲಿನ ಕಿರಿಕಿರಿ. ನೀವೂ ಓದಿ ನಕ್ಕಿರಿ. ಇವತ್ತು ನಗುವಂಥದ್ದೇನೂ ಇಲ್ಲ.

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಹೊಸತು. ಕನಕಪುರದ ಕಡೆಯಿಂದ ಕೂಲಿಗೆ ಬಂದವರು ನಮ್ಮೂರ ಕೆರೆಯ ಕೆಳಗಿನ ತಗ್ಗಿನಲ್ಲಿ ಶೆಡ್ ಹಾಕಿಕೊಂಡಿದ್ದರು. (ತಗ್ಗಿನಲ್ಲಿ ಯಾಕೆ ಅಂತೀರಾ? ದಿಣ್ಣೆಯನ್ನೆಲ್ಲ ನಾವು ಸೈಟು ಮಾಡಿ ಮಾರಿದ್ದೆವಲ್ಲ.) ಒಂದು ಮಳೆಗೆ ಕೆರೆ ಏರಿ ಒಡೆಯಿತು. ಶೆಡ್ಡುಗಳು ಕೊಚ್ಚಿಹೋದವು. ಉಟ್ಟ ಬಟ್ಟೆಯಲ್ಲಿ ಬಂದವರನ್ನು ಸ್ಕೂಲಿನಲ್ಲಿ ಇರಿಸಿದೆವು.

ನಾನಾಗ ಪಂಚಾಯಿತಿ ಮೆಂಬರ್. ಆಸ್ಪತ್ರೆಯವರು ಒಂದು ಮೂಟೆ ಬ್ಲೀಚಿಂಗ್ ಪೌಡರ್ ಕೊಟ್ಟು, ಸ್ಕೂಲಿನ ನೀರಿನ ತೊಟ್ಟಿಗೆ ದಿನಾ ಹಾಕಿಸಿ ಎಂದು ಹೇಳಿ ಹೋದರು.

ಮಾರನೆಯ ದಿನ ನಮ್ಮ ಮನೆಗೆ ರೇಷ್ಮೆ ಮರಿಹುಳು ಬರುವುದಿತ್ತು. ಅದಕ್ಕೆ ಮೊದಲು ಹುಳು ಮನೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯಲೇಬೇಕು. ಇಲ್ಲದಿದ್ದರೆ ರೋಗ ಹತ್ತಿ ಇಡೀ ಬೆಳೆ ಕೊಳೆಯುತ್ತದೆ. ಪೇಟೆಯ ಅಂಗಡಿಗಳಲ್ಲಿ ಸ್ಟಾಕ್ ಮುಗಿದಿತ್ತು. ಮೂಟೆ ಕಣ್ಣೆದುರಿಗೇ ಇತ್ತು. ಸ್ಕೂಟರಿನಲ್ಲಿಟ್ಟುಕೊಂಡು ಮನೆಗೆ ತಂದೆ. ಸ್ಟಾಕ್ ಬಂದಾಗ ತೊಟ್ಟಿಗೆ ಹಾಕಿಸಿದರಾಯಿತು, ಅಷ್ಟರೊಳಗೆ ಏನಾಗಿಬಿಡುತ್ತದೆ?

ಸ್ಕೂಲಿಗೆ ಹೋದಾಗ ಮಗಳನ್ನು ಸೊಂಟದ ಮೇಲೆ ಹೊತ್ತ ಹೆಂಗಸೊಬ್ಬಳು ತೊಟ್ಟಿಯ ಹತ್ತಿರ ನಿಂತಿದ್ದಳು.

"ಮೆಂಬ್ರೇ, ನೀರ್ಗೆ ಪೌಡ್ರು ಹಾಕ್ಸಿದ್ದೀರಾ? ಒಸೀನೂ ವಾಸ್ನೆ ಇಲ್ವಲ್ಲ."

"ಹಾಕುದ್ರೆ ಗಬ್ಬು ಅಂತೀರ, ಇಲ್ದಿದ್ರೆ ವಾಸ್ನೆ ಇಲ್ಲ ಅಂತೀರ. ಒಸಿ ಸೆಂಟ್ ಹಾಕುಸ್ಲೇನವ್ವ?"

ಗಂಡಸರೆಲ್ಲ ನಕ್ಕರು. ಆಕೆಯೂ ನಕ್ಕಳು. ನಕ್ಕು, ಮಗಳಿಗೆ ಒಂದು ಲೋಟ ಕುಡಿಸಿದಳು.

ವಾಂತಿಭೇದಿ ಎದ್ದಿತು. ಮೊದಲು ಮುದುಕರಿಗೆ, ಆಮೇಲೆ ಮಕ್ಕಳಿಗೆ. ಆ ಮಗು ಆಸ್ಪತ್ರೆ ಮುಟ್ಟುವ ಮುಂಚೆ ಟೆಂಪೋದಲ್ಲೇ ಹೋಯಿತು.

ಆಸ್ಪತ್ರೆಯವರು ಬಂದು ಪೌಡರ್ ಹಾಕಿಸಿದ್ದಿರಾ ಎಂದು ಕೇಳಿದರು.

"ದಿನಾ ಹಾಕ್ಸೀವ್ನಿ ಸಾರ್. ಇವ್ರು ಕೇಳಲ್ಲ. ಈಯಮ್ಮ ಮಗೀಗೆ ಸ್ಕೂಲ್ ಹಿಂದ್ಲ ಕಾಲ್ವೆ ನೀರು ಕುಡ್ಸವ್ಳೆ," ಎಂದು ಎಲ್ಲರೆದುರು ಬೆರಳು ತೋರಿಸಿದೆ.

"ಯಾಕಮ್ಮೀ ಕುಡ್ಸ್‌ದೆ?" ಗಂಡ ಕೇಳಿದ.

"ಕುಡ್ಸ್‌ನಿಲ್ಲ," ಎಂದಳು. ಹೇಳಿದ್ದು ಅವನಿಗೆ, ನೋಡಿದ್ದು ನನ್ನನ್ನು. ಯಾರೂ ನಂಬಲಿಲ್ಲ. ಮೆಂಬರ್ ಸುಳ್ಳು ಹೇಳುತ್ತಾನೆಯೇ?

ಆ ಸಲ ನಮ್ಮ ಹುಳುವಿಗೆ ಯಾವ ರೋಗವೂ ತಾಗಲಿಲ್ಲ. ರಾಮನಗರದ ಮಾರ್ಕೆಟ್ಟಿನಲ್ಲಿ ಗೂಡು ಮುಟ್ಟಿ ನೋಡಿದವರೆಲ್ಲ ಹೊಗಳಿದರು.

ಹೋದ ವಾರದ ಮಳೆಗೆ ತಗ್ಗಿನವರು ಮತ್ತೆ ಅದೇ ಸ್ಕೂಲಿಗೆ ಬಂದರು. ಈಗಿನ ಮೆಂಬರ್ ನಮ್ಮ ಬೀದಿಯ ಹುಡುಗನೇ.

"ತೊಟ್ಟಿಗೆ ಪೌಡ್ರು ಹಾಕ್ಸ್‌ದೇನ್ಲಾ?"

"ಹಾಕ್ಸನ ಬುಡು ದೊಡ್ಡಪ್ಪ. ಇನ್ನೂ ಯಾರ್ಗೂ ಏನೂ ಆಗಿಲ್ವಲ್ಲ."

ಹುಳುವಿಗೆ ರೋಗ ಬರುವ ಮೊದಲೇ ಹಾಕುತ್ತೇವೆ. ಮನುಷ್ಯರಿಗೆ ಹೆಣ ಬಿದ್ದ ಮೇಲೆ. ಅವತ್ತು ನಾನೇ ಹೋಗಿ ಹಾಕಿಬಂದೆ. ನಾಳೆ ಯಾರು ಹಾಕುತ್ತಾರೋ ಗೊತ್ತಿಲ್ಲ. ಹಾಕುತ್ತಾರೆಂಬ ನಂಬಿಕೆಯೂ ನನಗಿಲ್ಲ.

ಆ ಹೆಂಗಸನ್ನು ಗಂಡ ತವರಿಗೆ ಅಟ್ಟಿದನೆಂದು ಆ ವರ್ಷವೇ ಕೇಳಿದ್ದೆ. ಊರು ಗೊತ್ತಿತ್ತು, ಬಸ್ಸೂ ಇತ್ತು. ನಾನು ಹೋಗಲಿಲ್ಲ.

ಮಗುವಿಗೆ ಕಾಲುವೆ ನೀರು ಕುಡಿಸದ ಆ ತಾಯಿಯ ಹೆಸರು ಪುಟ್ಟಮಾದಮ್ಮ.